ಲಕ್ಷಣ ಕಟ್ಟುವವನ ಹೊಣೆ

ಯಾವ ಶಾಸ್ತ್ರವನ್ನು ಕಲಿಯಹೊರಟರೂ ಮೊದಲು ಅದರ ಪರಿಭಾಷೆಯನ್ನು ತಿಳಿದುಕೊಳ್ಳಬೇಕಾಗುವದು. ಪರಿಭಾಷೆಯನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಶಾಸ್ತ್ರವು ಕೈವಶವಾಗುವದಿಲ್ಲವೆಂಬುದೂ ಅಷ್ಟೇ ನಿಜ. ಈಗಿನ ಕಾಲದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹುಡುಗ ಹುಡುಗಿಯರು ಕಾಲೇಜುಗಳಿಗೆ ಹೋಗಿ ಗಣಕಯಂತ್ರದ ಭಾಷೆಗಳನ್ನು ಕಲಿಯುತ್ತಿರುವರು. ಅವರು ರಾತ್ರಿ ಕುಳಿತು ಬರೆಯುವ ಸಾಲುಗಳು ಮನೆಯ ಹಿರಿಯರಿಗೆ ಬೀಜಾಕ್ಷರಗಳಂತೆ ತೋರುವವು. ಕಲಿತರೆ ನೌಕರಿ ಸಿಕ್ಕೀತೆಂಬುದರ ಹೊರತು ಆ ವಿದ್ಯೆಯ ವಿಷಯವಾಗಿ ಮನೆಯಲ್ಲಿ ಬೇರೆ ಮಾತು ನಡೆಯುವದು ಕಡಿಮೆ. ಆದರೆ ಅದರ ಮೊದಲನೆಯ ಪಾಠದಲ್ಲಿಯೇ ಒಂದು ಧರ್ಮಪ್ರಶ್ನೆಯು ಅಡಗಿದೆ. ಅದನ್ನು ಬಿಡಿಸಿ ನೋಡುವದು ಕಲಿಯುವವರಿಗೂ ಕಲಿಸುವವರಿಗೂ ಹಿತಕರವಾದುದು.

ಜಾವಾ, ಪೈಥಾನ್, ಸಿ ಪ್ಲಸ್ ಪ್ಲಸ್ ಮೊದಲಾದ ಭಾಷೆಗಳಲ್ಲಿ ಕಾರ್ಯಕ್ರಮವನ್ನು ಬರೆಯುವವನು ಲೋಕದ ಪದಾರ್ಥಗಳನ್ನು ವಿಂಗಡಿಸಿ, ಒಂದೊಂದು ಬಗೆಗೆ ಒಂದೊಂದು 'ಕ್ಲಾಸ್' ಅಥವಾ ವರ್ಗವನ್ನು ಕಲ್ಪಿಸುವನು. ಆ ಬಗೆಯ ಪದಾರ್ಥಕ್ಕೆ ಯಾವ ಯಾವ ಗುಣಗಳು ಇರತಕ್ಕವು, ಅದು ಯಾವ ಯಾವ ಕ್ರಿಯೆಗಳನ್ನು ಮಾಡತಕ್ಕದ್ದು ಎಂಬುದನ್ನು ವರ್ಗದಲ್ಲಿ ಬರೆದಿಡುವನು. ಬಳಿಕ ಆ ವರ್ಗಕ್ಕನುಸಾರವಾಗಿ ಬೇಕಾದಷ್ಟು ವಸ್ತುಗಳನ್ನು ಹುಟ್ಟಿಸುವನು. ಮಗ್ಗದ ದೃಷ್ಟಾಂತದಿಂದ ಇದು ಸುಲಭವಾಗಿ ತಿಳಿಯುವದು. ಸೀರೆಯ ನಮೂನೆಯು ಒಂದೇ. ಅದರಂತೆ ನೇಯ್ದ ಸೀರೆಗಳು ನೂರಾರು. ಒಂದು ಸೀರೆ ಹರಿದರೆ ಮತ್ತೊಂದು ಹರಿಯುವದಿಲ್ಲ. ಆದರೆ ನಮೂನೆಯಲ್ಲಿಯೇ ತಪ್ಪಾದರೆ ಮುಂದೆ ನೇಯುವ ಎಲ್ಲ ಸೀರೆಗಳಲ್ಲಿಯೂ ಆ ತಪ್ಪು ಇಳಿದುಬರುವದು.

ಈ ಪದ್ಧತಿಯ ಇನ್ನು ಮೂರು ಅಂಗಗಳುಂಟು. ಒಂದು ವರ್ಗದಿಂದ ಇನ್ನೊಂದು ವರ್ಗವು ಹುಟ್ಟಿ ತಾಯಿವರ್ಗದ ಗುಣಕ್ರಿಯೆಗಳನ್ನೆಲ್ಲ ಪಡೆಯಬಹುದು; ತನ್ನವನ್ನು ಕೂಡಿಸಬಹುದು, ಪಡೆದುದನ್ನು ತನಗೆ ತಕ್ಕಂತೆ ಮಾರ್ಪಡಿಸಲೂಬಹುದು. ಇದು ದಾಯ. ವಸ್ತುವಿನ ಒಳಗಿನ ಲೆಕ್ಕವನ್ನು ಹೊರಗಿನವರು ಬೇಕಾದಂತೆ ತಿದ್ದದೆ, ಗೊತ್ತುಪಡಿಸಿದ ಬಾಗಿಲಿನಿಂದಲೇ ಬರಬೇಕೆಂಬುದು ಆವರಣ. 'ನೇಯಿ' ಎಂಬ ಒಂದೇ ಆಜ್ಞೆಯನ್ನು ಕೈಮಗ್ಗವು ಒಂದು ರೀತಿಯಿಂದಲೂ ವಿದ್ಯುನ್ಮಗ್ಗವು ಮತ್ತೊಂದು ರೀತಿಯಿಂದಲೂ ನಡೆಯಿಸುವದು ಬಹುರೂಪತೆ. ಇವೆಲ್ಲಕ್ಕೂ ಬುಡವು ವರ್ಗವೇ ಆದುದರಿಂದ ವಿಚಾರವನ್ನು ಅಲ್ಲಿಯೇ ನಿಲ್ಲಿಸಬೇಕು.

ತರ್ಕಶಾಸ್ತ್ರವನ್ನು ಓದಿದವರಿಗೆ ವರ್ಗವೆಂಬುದು ಹೊಸ ಮಾತಲ್ಲ, ಅದು ಲಕ್ಷಣವೇ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ನೈಯಾಯಿಕರು ಹೇಳಿರುವರು. ಕಪಿಲವರ್ಣವುಳ್ಳದ್ದು ಆಕಳೆಂದರೆ ಬಿಳಿಯ ಆಕಳು ಹೊರಗುಳಿಯುವದು, ಇದು ಅವ್ಯಾಪ್ತಿ. ಕೋಡುಳ್ಳದ್ದು ಆಕಳೆಂದರೆ ಎಮ್ಮೆಯೂ ಒಳಗೆ ಬರುವದು, ಇದು ಅತಿವ್ಯಾಪ್ತಿ. ಒಂಟಿಗೊರಸಿನದು ಆಕಳೆಂದರೆ ಯಾವ ಆಕಳೂ ಸಿಕ್ಕುವದಿಲ್ಲ, ಇದು ಅಸಂಭವ. ಹೊಸದಾಗಿ ಕಲಿಯುವವನು ವರ್ಗವನ್ನು ಕಟ್ಟುವಾಗ ಈ ಮೂರೂ ದೋಷಗಳನ್ನು ತಿಳಿದೋ ತಿಳಿಯದೆಯೋ ಮಾಡುವನು.

ರಾಮದುರ್ಗ ಸುರೇಬಾನಗಳ ಕಡೆಯ ಒಬ್ಬ ವಿದ್ಯಾರ್ಥಿಯು 'ನೇಕಾರ' ಎಂಬ ವರ್ಗವನ್ನು ಬರೆಯುತ್ತಾನೆಂದು ಭಾವಿಸೋಣ. ಅವನು ಹೆಸರು, ಊರು, ಮಗ್ಗಗಳ ಸಂಖ್ಯೆ ಎಂದು ಗುಣಗಳನ್ನಿಟ್ಟು, ಮಗ್ಗವುಳ್ಳವನೇ ನೇಕಾರನೆಂದು ನಿಯಮ ಮಾಡುವನು. ಯಂತ್ರವು ಇದನ್ನು ಆಕ್ಷೇಪವಿಲ್ಲದೆ ಸ್ವೀಕರಿಸುವದು. ಒಂದು ಚಿಹ್ನೆ ತಪ್ಪಿದರೆ ಕೂಡಲೆ ನಿಲ್ಲುವ ಯಂತ್ರವು ಇಲ್ಲಿ ಯಾವ ತಪ್ಪನ್ನೂ ಕಾಣದು. ಆದರೆ ಬೇರೆಯವರ ಮಗ್ಗದ ಮೇಲೆ ಕೂಲಿಗೆ ನೇಯುವವನು ಆ ವರ್ಗದಲ್ಲಿ ಇಲ್ಲ. ಬೆಳಗಿನಿಂದ ಕಂಡಿಕೆ ಸುತ್ತಿ ಕೊಡುವ ಅವನ ಹೆಂಡತಿಯೂ ಇಲ್ಲ. ಹತ್ತು ಮಗ್ಗಗಳನ್ನಿಟ್ಟುಕೊಂಡು ಒಂದು ದಿನವೂ ಲಾಳಿಯನ್ನು ಮುಟ್ಟದ ಸಾಹುಕಾರನು ಮಾತ್ರ ಅದರಲ್ಲಿ ಮೊದಲನೆಯ ನೇಕಾರನಾಗಿ ಕುಳಿತಿರುವನು. ಇದು ಅಭ್ಯಾಸದ ಹಲಗೆಯ ಮೇಲೆ ಇರುವ ತನಕ ಬರಿಯ ತರ್ಕದೋಷ. ಇಂಥ ವರ್ಗದ ಆಧಾರದಿಂದ ಸಹಾಯಧನವನ್ನು ಹಂಚಲು ತೊಡಗಿದ ದಿನ ಅದು ಅನ್ಯಾಯವಾಗುವದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ನೈಯಾಯಿಕರ ಮತದಲ್ಲಿ ಗೋತ್ವದಂಥ ಜಾತಿಯು ನಿತ್ಯವಾದುದು, ಅನೇಕ ವ್ಯಕ್ತಿಗಳಲ್ಲಿ ಒಂದಾಗಿ ಇರತಕ್ಕದ್ದು; ಅದನ್ನು ಯಾರೂ ನಿರ್ಮಿಸುವದಿಲ್ಲ, ಕಂಡುಕೊಳ್ಳುವರು. ಅಡಿಗೆ ಮಾಡುವವನಲ್ಲಿರುವ ಪಾಚಕತ್ವವಾದರೋ ಜಾತಿಯಲ್ಲ. ಅದು ಕ್ರಿಯೆಯ ನಿಮಿತ್ತದಿಂದ ಬಂದ ಉಪಾಧಿ. ನೇಕಾರತನವೂ ಹಾಗೆಯೇ. ಗಣಕದ ವರ್ಗಗಳೆಲ್ಲವೂ ಇಂಥ ಉಪಾಧಿಗಳೇ. ಯಾವದೋ ಒಂದು ಪ್ರಯೋಜನಕ್ಕಾಗಿ ಯಾರೋ ಒಬ್ಬ ಮನುಷ್ಯನು ಮಾಡಿದವು. ಮಾಡಿದವನು ಮರೆಗೆ ಸರಿದ ಮೇಲೆ ಬಳಸುವವರು ಅವನ್ನು ಜಾತಿಯೆಂದು ಭ್ರಮಿಸುವರು. 'ಯಂತ್ರದಲ್ಲಿ ನಿನ್ನ ಹೆಸರಿಲ್ಲ' ಎಂದು ಕಚೇರಿಯ ಕಿಟಕಿಯಲ್ಲಿ ಹೇಳಿಸಿಕೊಂಡು ಹಿಂದಿರುಗುವ ಮುದುಕಿಗೆ, ತನ್ನನ್ನು ಬಿಟ್ಟದ್ದು ಯಂತ್ರವಲ್ಲ, ಒಬ್ಬ ಮನುಷ್ಯನ ಲಕ್ಷಣವೆಂದು ಯಾರು ತಿಳಿಸಬೇಕು?

ಲಕ್ಷಣದಿಂದ ಎಂಥ ಅನರ್ಥವು ಒದಗಬಹುದೆಂಬುದಕ್ಕೆ ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. 1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ ದತ್ತಕಪುತ್ರನಾದ ಶಿವಲಿಂಗಪ್ಪನನ್ನು ಕಂಪನಿಯ ಅಧಿಕಾರಿಗಳು ಒಪ್ಪಲಿಲ್ಲ. ಸಂಸ್ಥಾನದವರ ಧರ್ಮದಲ್ಲಿ ದತ್ತಕನೂ ಪುತ್ರನೇ. ಕಂಪನಿಯ ಲಕ್ಷಣದಲ್ಲಿ ಅವನು 'ಉತ್ತರಾಧಿಕಾರಿ' ಎಂಬ ಪದದೊಳಗೆ ಬರಲಿಲ್ಲ. ಆ ವರ್ಷದ ಅಕ್ಟೋಬರ 23ರಂದು ನಡೆದ ಕಾಳಗದಲ್ಲಿ ಕಲೆಕ್ಟರ ಥ್ಯಾಕರೆಯು ಮಡಿದನು. ಡಿಸೆಂಬರದಲ್ಲಿ ಕೋಟೆಯು ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಕಾಲವಾದಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಇದಕ್ಕೆಲ್ಲ ಒಂದು ಪದದ ಅರ್ಥವೇ ಕಾರಣವೆಂದರೆ ಅತಿಶಯವಾದೀತು. ರಾಜ್ಯಲೋಭವು ಅದರ ಹಿಂದೆ ಇದ್ದೇ ಇದ್ದಿತು. ಆದರೆ ಲೋಭವು ಬಹಿರಂಗವಾಗಿ ಮಾತಾಡಲಾರದು. ಅದಕ್ಕೆ ಬಾಯಿ ಕೊಟ್ಟದ್ದು ಲಕ್ಷಣ. ಯಾರ ಬದುಕಿನ ಮೇಲೆ ಆ ಲಕ್ಷಣವು ಬೀಳಲಿತ್ತೋ ಅವರನ್ನು ಕೇಳದೆಯೇ ಅದನ್ನು ಕಟ್ಟಲಾಗಿತ್ತು.

ಹಾಗಾದರೆ ಯಾವ ಗುಣವನ್ನೂ ಬಿಡದೆ ವರ್ಗವನ್ನು ಬರೆಯಬೇಕೇ? ಅದು ಆಗದ ಮಾತು. ಎಲ್ಲವನ್ನೂ ಹೇಳಹೋದ ಲಕ್ಷಣವು ಲಕ್ಷಣವೇ ಅಲ್ಲ. ಕೂಲಿಯ ಲೆಕ್ಕಕ್ಕೆ ನೇಕಾರನ ಹಾಡಿನ ಕಂಠವು ಬೇಕಾಗಿಲ್ಲ. ಅದನ್ನು ಬಿಟ್ಟರೆ ಅವನಿಗೆ ನಷ್ಟವೂ ಇಲ್ಲ. ಬೇಡಾದುದನ್ನು ಕೇಳದಿರುವದು ಒಂದು ಬಗೆಯ ಮರ್ಯಾದೆಯೂ ಹೌದು. ಆದುದರಿಂದ ಬಿಡುವದು ದೋಷವಲ್ಲ. ಬಿಟ್ಟದ್ದನ್ನು ಅರಿಯದಿರುವದು ದೋಷ, ಅರಿತೂ ಇಲ್ಲವೆನ್ನುವದು ಪಾಪ.

ಈ ವಿದ್ಯೆಯ ಮೂಲಪುರುಷರಲ್ಲೊಬ್ಬನ ಚರಿತ್ರವು ಇಲ್ಲಿ ಸ್ಮರಣೀಯವಾಗಿದೆ. ನಾರ್ವೆ ದೇಶದ ಓಸ್ಲೋ ನಗರದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಎಂಬ ವಿದ್ವಾಂಸರು 1960ರ ದಶಕದಲ್ಲಿ ಸಿಮುಲಾ ಎಂಬ ಭಾಷೆಯನ್ನು ರಚಿಸಿದರು. ವರ್ಗ, ವಸ್ತು, ದಾಯಗಳ ಕಲ್ಪನೆಯು ಅದರ 1967ರ ರೂಪದಿಂದಲೇ ಮುಂದಿನ ಭಾಷೆಗಳಿಗೆ ಹರಿದುಬಂದಿತು. ಅದಕ್ಕಾಗಿ 2001ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿಯು ಅವರಿಬ್ಬರಿಗೂ ದೊರೆಯಿತು. ಮರುವರ್ಷವೇ ಇಬ್ಬರೂ ತೀರಿಕೊಂಡರು. ಇವರಲ್ಲಿ ನ್ಯೂಗಾರ್ಡನು ಭಾಷೆಯನ್ನು ರಚಿಸಿ ಸುಮ್ಮನಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅವನು ತನ್ನ ದೇಶದ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಕೂಡಿ ಕೆಲಸ ಮಾಡಿದನು. ಕಾರಖಾನೆಗೆ ಗಣಕವು ಬಂದಾಗ ಅದು ತಮ್ಮ ಕೆಲಸವನ್ನು ಹೇಗೆ ವರ್ಣಿಸುವದೆಂಬುದನ್ನು ಕೆಲಸಗಾರರೇ ತಿಳಿದು, ಅದರ ವಿಷಯವಾಗಿ ಮಾತಾಡಲು ಶಕ್ತರಾಗಬೇಕೆಂಬುದು ಆ ಪ್ರಯತ್ನದ ಉದ್ದೇಶ. ಲಕ್ಷಣ ಕಟ್ಟುವ ಕಲೆಯನ್ನು ಕೊಟ್ಟವನೇ, ಲಕ್ಷಣಕ್ಕೊಳಗಾಗುವವರ ಬಳಿಗೆ ಹೋಗಿ ಕುಳಿತನು.

ಈಗ ಕಲಿಯುವವರಿಗೆ ಒಂದು ಅನುಕೂಲವೂ ಒದಗಿದೆ. ಜಾವಾದಲ್ಲಿಯೂ, 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದ ಆ ಭಾಷೆಯಲ್ಲಿಯೂ, ವರ್ಗಗಳಿಗೂ ಗುಣಗಳಿಗೂ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು. ಕಾಯ್ದಿರಿಸಿದ ಕೆಲವು ಶಬ್ದಗಳು ಮಾತ್ರ ಇಂಗ್ಲಿಷಿನವು. ಹೆಸರನ್ನು ತನ್ನ ನುಡಿಯಲ್ಲಿ ಬರೆದಾಗ ಅದರ ತಪ್ಪು ಬೇಗನೆ ಕಣ್ಣಿಗೆ ಬೀಳುವದು. 'ನೇಕಾರ' ಎಂದು ಕನ್ನಡದಲ್ಲಿ ಬರೆದ ವರ್ಗವನ್ನು ಮನೆಯ ಅಜ್ಜಿಯೂ ಓದಬಲ್ಲಳು. ಓದಿ, 'ಕಂಡಿಕೆ ಸುತ್ತುವಾಕೆ ಎಲ್ಲಿ, ಮಗಾ?' ಎಂದು ಕೇಳಬಲ್ಲಳು. ಆ ಪ್ರಶ್ನೆಯನ್ನು ಯಂತ್ರವು ಎಂದಿಗೂ ಕೇಳಲಾರದು. ಅದಕ್ಕೆ ಉತ್ತರ ಕೊಡಲು ವಿದ್ಯಾರ್ಥಿಯು ಎದ್ದು ಮಗ್ಗದ ಮನೆಗೆ ಹೋಗಿ, ನೇಯುವವರನ್ನೇ ವಿಚಾರಿಸಿ ಬಂದು, ಬರೆದುದನ್ನು ತಿದ್ದಿದರೆ ಅವನ ಮೊದಲನೆಯ ಪಾಠವು ಮುಗಿದಂತಾಯಿತು.