ಪುಡಿಯ ಪೂರ್ವಾಪರ

ಗಾಜಿನಂತೆ ಹೊಳೆಯುವ ಜೆಲ್ ಪೇಸ್ಟಿನಲ್ಲಿ ಹಲ್ಲು ಉಜ್ಜುವ ಕೆಲಸ ಮಾಡುವುದು ನೊರೆಯಲ್ಲ, ಅದರೊಳಗೆ ಕಣ್ಣಿಗೆ ಕಾಣದಂತೆ ಬೆರೆತ ಸಿಲಿಕಾ ಪುಡಿ. ಸೂಪಿನ ಪುಡಿ ಗಂಟು ಕಟ್ಟದಿರುವುದಕ್ಕೂ, ಮಾತ್ರೆಯ ಪುಡಿ ಯಂತ್ರದೊಳಗೆ ಸರಾಗವಾಗಿ ಇಳಿಯುವುದಕ್ಕೂ ಅದೇ ಬೇಕು. 1992ರಲ್ಲಿ ಮಿಶೆಲಿನ್ ಕಂಪನಿ ಟೈರಿನ ರಬ್ಬರಿಗೆ ಕಾರ್ಬನ್ ಕಪ್ಪಿನ ಬದಲು ಹೆಚ್ಚಾಗಿ ಸಿಲಿಕಾ ಬೆರೆಸಿತು. ಗಾಲಿ ಹಗುರವಾಗಿ ಉರುಳಿ ಇಂಧನ ಉಳಿಯಿತು, ಒದ್ದೆ ರಸ್ತೆಯ ಮೇಲಿನ ಹಿಡಿತವೂ ತಪ್ಪಲಿಲ್ಲ. ರಬ್ಬರಿಗೂ ಸಿಲಿಕಾಕ್ಕೂ ತಾವಾಗಿ ಹೊಂದಿಕೆಯಾಗದು. ಸಿಲೇನ್ ಎಂಬ ರಾಸಾಯನಿಕ ನಡುವೆ ನಿಂತು ಎರಡನ್ನೂ ಬೆಸೆಯಬೇಕು.

ಇಷ್ಟೆಲ್ಲ ಉಪಕಾರದ ಗುಟ್ಟು ಇರುವುದು ಅದರ ಟೊಳ್ಳಿನಲ್ಲಿ. ಹೊಸ ಚಪ್ಪಲಿಯ ಡಬ್ಬದಲ್ಲಿ ಬರುವ ಬಿಳಿ ಪೊಟ್ಟಣದೊಳಗಿನ ಸಿಲಿಕಾ ಜೆಲ್ ತೆಗೆದುಕೊಳ್ಳಿ. ಅದರ ಒಂದೇ ಗ್ರಾಂ ಕಾಳುಗಳಲ್ಲಿರುವ ಸೂಕ್ಷ್ಮ ರಂಧ್ರಗಳ ಗೋಡೆಗಳನ್ನು ಬಿಡಿಸಿ ಹಾಸಿದರೆ ಮೂವತ್ತು-ನಲವತ್ತರ ಆರು ಸೈಟುಗಳಷ್ಟು ಜಾಗ ಬೇಕಾದೀತು. ಗಾಳಿಯ ತೇವ ಹೋಗಿ ಕೂರುವುದು ಆ ಗೋಡೆಗಳ ಮೇಲೆ.

ಆದರೆ ಈ ಮೃದುವಾದ ಪುಡಿಯ ಹಿಂದಿನ ಕಥೆ ಮೃದುವಲ್ಲ. ಸಾಮಾನ್ಯವಾಗಿ ಅದನ್ನು ತಯಾರಿಸುವುದು ಬೆಣಚುಕಲ್ಲಿನ ಮರಳಿನಿಂದ. ಮರಳನ್ನು ಸೋಡಾ ಬೂದಿಯೊಡನೆ ಕುಲುಮೆಯಲ್ಲಿ ಕರಗಿಸಿ ಸೋಡಿಯಂ ಸಿಲಿಕೇಟ್ ಮಾಡುತ್ತಾರೆ, ಅದರ ದ್ರಾವಣಕ್ಕೆ ಗಂಧಕಾಮ್ಲ ಹಾಕಿದಾಗ ಸಿಲಿಕಾ ಬಿಳಿಯ ಗಷ್ಟಾಗಿ ಕೆಳಗೆ ಇಳಿಯುತ್ತದೆ. ಮರಳಿನಲ್ಲಿದ್ದಾಗಲೂ ಅದು ಸಿಲಿಕಾವೇ, ಪುಡಿಯಾದಾಗಲೂ ಸಿಲಿಕಾವೇ. ಬದಲಾದದ್ದು ಕಣಗಳ ಜೋಡಣೆ ಮಾತ್ರ. ಮರಳಿನಲ್ಲಿ ಅವು ಶಿಸ್ತಾದ ಹರಳು. ಪುಡಿಯಲ್ಲಿ ಯಾವ ಶಿಸ್ತೂ ಇಲ್ಲದ ರಾಶಿ. ಶಿಸ್ತಿನ ಹರಳು ನುಣ್ಣನೆಯ ದೂಳಾಗಿ ಎದೆಯೊಳಗೆ ಹೋದರೆ ಶ್ವಾಸಕೋಶ ಗಾಯಗೊಂಡು ಗಟ್ಟಿಯಾಗುತ್ತದೆ. ಅದೇ ಸಿಲಿಕೋಸಿಸ್. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಂಥ ಹರಳುದೂಳು ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿ ಹೇಳಿತು; ಹರಳಲ್ಲದ ಸಿಲಿಕಾವನ್ನು ಆ ಪಟ್ಟಿಗೆ ಸೇರಿಸಲಿಲ್ಲ.

ನಮ್ಮ ಕೋಲಾರದ ಚಿನ್ನದ ಗಣಿಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಚಿನ್ನ ಹರಿದದ್ದು ಬೆಣಚುಕಲ್ಲಿನ ನಾಳಗಳಲ್ಲಿ. 3 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಬೇಗೆಯಲ್ಲಿ ನಿಂತು ಬಂಡೆ ಕೊರೆದವರು ಚಿನ್ನವನ್ನು ಮೇಲಕ್ಕೆ ಕಳಿಸಿದರು, ದೂಳನ್ನು ಎದೆಯಲ್ಲಿ ಹೊತ್ತುಕೊಂಡು ಮನೆಗೆ ಹೋದರು. 2001ರಲ್ಲಿ ಗಣಿ ಮುಚ್ಚಿತು. ಅರೆದು ಚಿನ್ನ ತೆಗೆದುಳಿದ ಕಲ್ಲುಪುಡಿಯ ಸೈನೈಡ್ ದಿಬ್ಬಗಳು ಊರ ಪಕ್ಕದಲ್ಲೇ ಇವೆ. ಗಾಳಿ ಎದ್ದರೆ ದೂಳು ಮನೆಗಳ ಕಡೆಗೇ ಬರುತ್ತದೆ. ಆ ಚಿನ್ನದ ತೂಕವನ್ನು ಗುಂಜಿ ಬಿಡದೆ ಬರೆದಿಟ್ಟ ನಾವು ಆ ಉಸಿರಿನ ಲೆಕ್ಕವನ್ನು ಅಷ್ಟೇ ನಿಷ್ಠೆಯಿಂದ ಇಟ್ಟೆವೇ? ಇಲ್ಲ ಎಂದೇ ನನ್ನ ಉತ್ತರ, ಮತ್ತು ಅದು ನನ್ನನ್ನು ಕಾಡುತ್ತದೆ. ಒಂದು ವಸ್ತು ನಿರಪಾಯಕಾರಿ ಎಂದು ಹೇಳುವಾಗ ನಾವು ಬಳಸುವವನ ಬಾಯನ್ನಷ್ಟೇ ನೋಡುತ್ತೇವೆ. ಕುಲುಮೆಗೆ ಮರಳು ಸುರಿಯುವವನ ಮೂಗನ್ನೂ ನೋಡಿದ ಮೇಲೆಯೇ ಆ ಮಾತಿಗೆ ಅರ್ಥ.

ಹೀಗಿರುವಾಗ ಭತ್ತ ತೋರಿಸುವ ದಾರಿ ನನಗೆ ದೊಡ್ಡದಾಗಿ ಕಾಣುತ್ತದೆ. ಭತ್ತದ ಗರಿಯ ಅಂಚಿನಲ್ಲಿ ಕೈ ಸವರಿದವರಿಗೆ ಅದರ ಗೀರು ಗೊತ್ತು. ಆ ಒರಟುತನದ ಹಿಂದೆ ಇರುವುದು ಬೇರು ನೀರಿನೊಡನೆ ಹೀರಿಕೊಂಡ ಸಿಲಿಕಾ. ಅದು ಹೆಚ್ಚಾಗಿ ಸೇರುವುದು ಉಮಿಯಲ್ಲಿ. ಒಂದು ಟನ್ ಭತ್ತಕ್ಕೆ ಸುಮಾರು 200 ಕಿಲೋ ಉಮಿ, ಅದನ್ನು ಸುಟ್ಟರೆ ಸುಮಾರು 40 ಕಿಲೋ ಬೂದಿ, ಆ ಬೂದಿಯ ಬಹುಪಾಲು ಸಿಲಿಕಾ. ಕರಾವಳಿಯ ಹಿರಿಯರು ಉಮಿಕರಿಯಿಂದ ಹಲ್ಲುಜ್ಜಿದಾಗ ನಾಲಗೆ ಕಪ್ಪಾಗುತ್ತಿತ್ತು, ಹಲ್ಲಿನಡಿ ನವಿರಾಗಿ ಗರಗರ ಎನ್ನುತ್ತಿತ್ತು. ಇವತ್ತಿನ ಪೇಸ್ಟಿನಲ್ಲಿ ಉಜ್ಜುತ್ತಿರುವುದೂ ಅದೇ ಪದಾರ್ಥ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಬೂದಿಯಿಂದ ಸಿಲಿಕಾ ತೆಗೆಯುವ ವಿಧಾನ ರೂಪಿಸಿದ್ದಾರೆ. ಬೂದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಸೋಸಿ, ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಸಿಲಿಕಾ ಬೇರೆಯಾಗುತ್ತದೆ; ಉಳಿದ ದ್ರಾವಣಕ್ಕೆ ಸುಣ್ಣ ಹಾಕಿ ಕಾಸ್ಟಿಕ್ ಸೋಡಾವನ್ನು ಮರಳಿ ಪಡೆಯಬಹುದು. ಬೆಣಚುಕಲ್ಲಿನ ಮರಳೂ ಬೇಡ, ಗಂಧಕಾಮ್ಲವೂ ಬೇಡ. ಒಂದೇ ಎಚ್ಚರ: ಉಮಿಯನ್ನು ಸುಮಾರು 700 ಡಿಗ್ರಿ ದಾಟದಂತೆ ಸುಡಬೇಕು. ಬೆಂಕಿ ಅತಿಯಾದರೆ ಗದ್ದೆಯಲ್ಲಿ ಬೆಳೆದ ಈ ಸಾಧು ಸಿಲಿಕಾ ಕೂಡ ಹರಳುಗಟ್ಟಿ, ಗಣಿಯ ದೂಳಿನ ಗುಣಕ್ಕೇ ತಿರುಗುತ್ತದೆ.

ಗಂಗಾವತಿ, ಸಿಂಧನೂರಿನಂಥ ಭತ್ತದ ಸೀಮೆಯಲ್ಲಿ ಅಕ್ಕಿ ಗಿರಣಿಗಳ ಬಾಯ್ಲರುಗಳಿಗೆ ಉಮಿಯೇ ಉರುವಲು. ಬೂದಿಯನ್ನು ಎಲ್ಲಿ ಸುರಿಯುವುದು ಎಂಬುದೇ ಗಿರಣಿಯವರ ತಲೆನೋವು. ರಸ್ತೆ ಬದಿಗೆ ಬಿದ್ದರೆ ಗಾಳಿಗೆದ್ದು ಬೈಕಿನವರ ಕಣ್ಣಿಗೆ ಬೀಳುತ್ತದೆ. ಅದು ಸರಕಾಗಬೇಕು, ಖಂಡಿತ. ಆದರೆ ಅದಕ್ಕೆ ದರ ಗೊತ್ತುಮಾಡುವಾಗ ಬಾಯ್ಲರಿನ ಬೆಂಕಿಯ ಮೇಲೆ ಕಣ್ಣಿಡುವವನ ಸಂಬಳ, ಬೂದಿಗೆ ನೀರು ಚಿಮುಕಿಸುವ ಪೈಪು, ಲಾರಿಗೆ ತುಂಬುವ ಹೆಂಗಸರಿಗೆ ಒಳ್ಳೆಯ ಮಾಸ್ಕು, ವರ್ಷಕ್ಕೊಮ್ಮೆ ಅವರ ಎದೆಯ ಎಕ್ಸ್‌ರೇ, ಇವೆಲ್ಲ ಮೊದಲ ದಿನದಿಂದಲೇ ಖರ್ಚಿನ ಪುಸ್ತಕದಲ್ಲಿ ಇರಬೇಕು.