ಸ್ಫುಟವೂ ಸತ್ಯವೂ

ಕಂಡುದೆಲ್ಲವೂ ಸ್ಫುಟವಾಗಿದ್ದಲ್ಲದೆ ಕಾಣ್ಕೆಯು ಸತ್ಯವೆನಿಸದೋ, ಅಥವಾ ನೋಡುವಾತನು ತಾನು ನಿಂತ ನೆಲೆಯಿಂದ ಕೆಲವನ್ನು ತಿಳಿಯಾಗಿಯೂ ಕೆಲವನ್ನು ಮಸಕಾಗಿಯೂ ಕಂಡು, ಕಂಡಂತೆಯೇ ಒಪ್ಪಿಕೊಳ್ಳುವುದು ಸತ್ಯಕ್ಕೆ ಹೆಚ್ಚು ಸಮೀಪವೋ ಎಂಬ ಪ್ರಶ್ನೆ ದಾರ್ಶನಿಕರದು. ಆದರೂ ಕಪ್ಪು-ಬಿಳುಪಿನಲ್ಲಿ ಭೂದೃಶ್ಯವನ್ನು ತೆಗೆಯಹೊರಟ ಛಾಯಾಚಿತ್ರಗಾರನು ಆ ಪ್ರಶ್ನೆಯನ್ನು ತನ್ನ ಕಾಲಬುಡದ ಹುಲ್ಲಿನಲ್ಲಿಯೇ ಎದುರಿಸಬೇಕಾಗುತ್ತದೆ. ದೂರದ ಬೆಟ್ಟಕ್ಕೆ ಫೋಕಸ್ ಮಾಡಿದೊಡನೆ ಹತ್ತಿರದ ಹುಲ್ಲು ಕರಗತೊಡಗುತ್ತದೆ. ಬಣ್ಣದ ಚಿತ್ರದಲ್ಲಾದರೆ ಹಸುರೆಂಬ ಗುರುತಾದರೂ ಉಳಿದೀತು, ಇಲ್ಲಿ ಉಳಿಯುವುದು ಬೂದುಬಣ್ಣದ ಒಂದು ಛಾಯೆ ಮಾತ್ರ.

ಇಂಗ್ಲೆಂಡಿನ ನಾರ್ಫಕ್ ಸೀಮೆಯ ಜೌಗುನೆಲಗಳನ್ನು ಚಿತ್ರಿಸಿದ ಛಾಯಾಚಿತ್ರಗಾರ ಪೀಟರ್ ಹೆನ್ರಿ ಎಮರ್ಸನ್ನನು, ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿದವನಾದುದರಿಂದ, 1889ರಲ್ಲಿ ಪ್ರಕಟಿಸಿದ ‘ನ್ಯಾಚುರಲಿಸ್ಟಿಕ್ ಫೋಟೋಗ್ರಫಿ’ ಎಂಬ ಗ್ರಂಥದಲ್ಲಿ ಕಣ್ಣಿನ ಧರ್ಮವನ್ನೇ ಪ್ರಮಾಣವಾಗಿ ಹಿಡಿದನು. ದೃಷ್ಟಿಯ ನಡುಭಾಗವೊಂದೇ ತೀಕ್ಷ್ಣವಾಗಿ ಕಾಣುವುದರಿಂದ, ಚಿತ್ರದಲ್ಲಿಯೂ ಪ್ರಧಾನವಸ್ತುವು ತಿಳಿಯಾಗಿದ್ದು ಉಳಿದುವು ತುಸು ಮೃದುವಾಗಿರಬೇಕೆಂಬುದು ಅವನ ವಾದ. ಆದರೆ ಆ ಮೃದುತ್ವವು ವಸ್ತುವಿನ ರಚನೆಯನ್ನೇ ಅಳಿಸುವಷ್ಟು ಮುಂದುವರಿಯಲಾಗದೆಂಬ ಎಚ್ಚರಿಕೆಯನ್ನೂ ಅವನು ಕೊಟ್ಟಿದ್ದನು.

ಇದಕ್ಕೆ ಇದಿರಾಗಿ, 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸೀಮೆಯಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನಿಂಗ್‌ಹ್ಯಾಮ್ ಮೊದಲಾದ ಛಾಯಾಚಿತ್ರಗಾರರು ಕೂಡಿ, ಮಸೂರದ ಅತಿ ಕಿರಿದಾದ ರಂಧ್ರಗಳಲ್ಲೊಂದರ ಅಂಕೆಯಾದ ಎಫ್/64 ಎಂಬುದನ್ನೇ ತಮ್ಮ ಬಳಗದ ಹೆಸರಾಗಿ ಇರಿಸಿಕೊಂಡು, ಕಾಲಬಳಿಯ ಕಲ್ಲಿನಿಂದ ದಿಗಂತದ ಶಿಖರದವರೆಗೆ ಸಮಸ್ತವೂ ಸಮಾನವಾಗಿ ಸ್ಫುಟವಾಗಿರಬೇಕೆಂಬ ವ್ರತವನ್ನು ತೊಟ್ಟರು. ಪ್ರಕೃತಿಯ ಪ್ರತಿಯೊಂದು ಕಣವನ್ನೂ ಗೌರವಿಸುವ ಆ ವ್ರತದ ಘನತೆಯನ್ನು ಅಲ್ಲಗಳೆಯಲಾಗದು. ಆದರೆ ರಂಧ್ರವನ್ನು ಎಫ್/8ರಿಂದ ಎಫ್/64ಕ್ಕೆ ಕಿರಿದುಗೊಳಿಸಿದಾಗ ಒಳಬರುವ ಬೆಳಕು 64ರಲ್ಲೊಂದು ಪಾಲಿಗಿಳಿದು, ಸೆಕೆಂಡಿನ 60ರಲ್ಲೊಂದು ಭಾಗದಲ್ಲಿ ಮುಗಿಯಬಹುದಾದ ಕೆಲಸಕ್ಕೆ ಒಂದು ಸೆಕೆಂಡಿಗೂ ಮಿಕ್ಕ ಕಾಲ ಬೇಕಾಗುತ್ತದೆ. ಅಷ್ಟರಲ್ಲಿ ಗಾಳಿ ಬೀಸಿತೆಂದರೆ, ಯಾವ ಹುಲ್ಲನ್ನು ತಿಳಿಯಾಗಿ ಕಾಣಬೇಕೆಂದು ಇಷ್ಟೆಲ್ಲ ಶ್ರಮಿಸಿದೆವೋ ಆ ಹುಲ್ಲೇ ಅಲುಗಿ ಮಸಕಾಗುತ್ತದೆ. ಗಾಳಿಯಿಲ್ಲದೆ ಎಲ್ಲವೂ ಸ್ಫುಟವಾಗಿ ಮೂಡಿದರೂ, ಬೆಟ್ಟದ ಹಿಂಬದಿಯು ಆ ಚಿತ್ರಕ್ಕೆ ಅಗೋಚರವೇ.

ಜೈನದರ್ಶನವು ಈ ತೊಡಕನ್ನು ಬಹುಸೂಕ್ಷ್ಮವಾಗಿ ಬಿಡಿಸಿದೆ. ಸಮಸ್ತವನ್ನೂ ಏಕಕಾಲದಲ್ಲಿ ನಿರಾವರಣವಾಗಿ ಅರಿಯುವುದು ಕೇವಲಜ್ಞಾನ, ಅದು ಕರ್ಮಗಳನ್ನು ಕಳೆದ ಅರ್ಹಂತನಿಗೆ ಮೀಸಲು. ಉಳಿದವರ ಅರಿವು ಯಾವುದಾದರೊಂದು ನೆಲೆಯಿಂದ ಹೊರಟ ನಯ. ನಯವು ಅಪೂರ್ಣವಾದ ಮಾತ್ರಕ್ಕೆ ಮಿಥ್ಯೆಯಾಗದು. ಇತರ ನಯಗಳನ್ನು ಅಪೇಕ್ಷಿಸದೆ ತಾನೊಂದೇ ನಿಜವೆಂದು ಹಟಹಿಡಿದಾಗ ಮಿಥ್ಯೆಯಾಗುತ್ತದೆ ಎಂಬುದು ‘ಆಪ್ತಮೀಮಾಂಸೆ’ಯಲ್ಲಿ ಸಮಂತಭದ್ರಾಚಾರ್ಯರ ನಿರ್ಣಯ. ಈ ನಿಕಷದಲ್ಲಿ ತಿಕ್ಕಿ ನೋಡಿದರೆ, ಮುನ್ನೆಲೆಯ ಮಸಕು ದೋಷವೆನಿಸದು; ನೋಡುವಾತನು ಇಲ್ಲಿ, ಇಷ್ಟು ಸಮೀಪದಲ್ಲಿ ನಿಂತಿದ್ದನೆಂಬುದಕ್ಕೆ ಅದೇ ಸಾಕ್ಷಿ. ಹುಲ್ಲು ಹುಲ್ಲೆಂದು ತಿಳಿಯದಷ್ಟು ಅಳಿದುಹೋದಾಗ ಮಾತ್ರ ಆ ಸಾಕ್ಷ್ಯವು ಕೆಡುತ್ತದೆ. ಎಮರ್ಸನ್ನನ ಎಚ್ಚರಿಕೆಯ ತಾತ್ಪರ್ಯವನ್ನು ನಾನು ಹೀಗೆಯೇ ಗ್ರಹಿಸುತ್ತೇನೆ. ಹಾಗೆಯೇ, ಸರ್ವವೂ ಸ್ಫುಟವಾದ ಚಿತ್ರವು ತಾನೂ ಒಂದು ನೆಲೆಯಿಂದಲೇ ಕಂಡುದೆಂಬುದನ್ನು ಮರೆತು ಸರ್ವಜ್ಞತ್ವವನ್ನು ನಟಿಸಿದರೆ, ಅದರ ತೀಕ್ಷ್ಣತೆಯೇ ಅದಕ್ಕೆ ಆವರಣವಾಗುತ್ತದೆ.

ಧರ್ಮಜೀವನದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆ. ಮುಕ್ತಿಯನ್ನೋ ಆದರ್ಶವನ್ನೋ ದೂರದಲ್ಲಿ ಲಕ್ಷಿಸಿ ನಡೆವವನ ಕಣ್ಣಿಗೆ ಮನೆಯವರೂ ನೆರೆಯವರೂ ಒಮ್ಮೊಮ್ಮೆ ಮಸಕಾಗುವುದು ಮನುಷ್ಯದೃಷ್ಟಿಯ ಮಿತಿ, ಅದು ಕ್ಷಮಾರ್ಹ. ಅವರಿಗೆ ರೂಪವೇ ಇಲ್ಲವೆಂಬಂತೆ ನಡೆದುಕೊಳ್ಳುವುದು ಹಿಂಸೆ. ಆದುದರಿಂದ, ಶಿಖರದಲ್ಲಿ ದೃಷ್ಟಿಯನ್ನು ನೆಟ್ಟವರೆಲ್ಲರೂ, ಚಿತ್ರದಲ್ಲಾಗಲಿ ಬಾಳಿನಲ್ಲಾಗಲಿ, ಹತ್ತಿರದ್ದರ ಆಕೃತಿಯು ಅಳಿಯದಷ್ಟು ಎಚ್ಚರವನ್ನು ತಪ್ಪದೆ ಉಳಿಸಿಕೊಳ್ಳಬೇಕು.