ಬಿರುಕಿಗೆ ಪುಟ್ಟಿ ಹಚ್ಚಬೇಡಿ

ಎಲ್ಲರೂ ಸತ್ಯವೇದ ತೆಗೀರಿ. ಮೊಬೈಲ್‌ನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿ. ಒಂದನೆಯ ಅರಸುಗಳು, 22ನೇ ಅಧ್ಯಾಯ. ಅದಕ್ಕೂ ಮುಂಚೆ ನಮ್ಮ ಮನೆಯ ಒಂದು ವಿಷಯ ಹೇಳಿಬಿಡ್ತೀನಿ.

ನಮ್ಮಪ್ಪ ರಿಟೈರ್ ಆದ ದುಡ್ಡಿನಲ್ಲಿ ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಿದರು. ಎರೆ ಭೂಮಿ. ಆ ಕಡೆಯವರಿಗೆ ಗೊತ್ತು, ಈ ಕಪ್ಪು ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತೆ. ನಾಲ್ಕನೇ ವರ್ಷಕ್ಕೆ ಹಿಂದಿನ ಕೋಣೆಯ ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಬಂತು. ನಾಣ್ಯ ತೂರುವಷ್ಟು ಅಗಲ. ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳೋಕೆ ಶುರುವಾಯಿತು.

ಏಪ್ರಿಲ್‌ನಲ್ಲಿ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿದರು. "ಪಾಯ ಕುಸೀತಿದೆ. ಸುತ್ತಲೂ ಅಗೆದು ಪಾಯದ ಕೆಳಗೆ ಕಾಂಕ್ರೀಟ್ ತುಂಬಬೇಕು. ಒಂಬತ್ತು ಲಕ್ಷ ಆಗುತ್ತೆ" ಅಂದರು. ಸೆಪ್ಟೆಂಬರ್‌ನಲ್ಲಿ ಇನ್ನೊಬ್ಬರು ಬಂದರು. "ಏನೂ ಇಲ್ಲ ಸರ್, ಬರೀ ಗಾರೆ ಬಿರುಕು. ಪುಟ್ಟಿ ಹಚ್ಚಿ ಪೇಂಟ್ ಹೊಡೀರಿ" ಅಂದರು. ಇಬ್ಬರೂ ಓದಿದವರು, ಇಬ್ಬರೂ ಸಹಿ ಹಾಕಿ ವರದಿ ಕೊಟ್ಟವರು.

ನಾನೇನು ಮಾಡಿದೆ ಗೊತ್ತಾ? ಎರಡನೆಯವರ ಮಾತು ಕೇಳಿದ ತಕ್ಷಣ "ಹಲ್ಲೆಲೂಯಾ, ದೇವರು ಉತ್ತರ ಕೊಟ್ಟರು" ಅಂದೆ. ನನ್ನ ತಲೆ ಮೇಲೆ ಇಎಂಐ ಇತ್ತು, ತಂಗಿ ಮದುವೆ ಇತ್ತು. ಹೊಸದಾಗಿ ಮದುವೆಯಾದ ಒಂದು ಜೋಡಿ ಆ ಮನೆ ಕೇಳ್ತಾ ಇದ್ದರು. "ಅಪ್ಪಾ, ಪುಟ್ಟಿ ಹಚ್ಚಿ ಮಾರಿಬಿಡೋಣ" ಅಂದೆ. ಪ್ರಸಂಗ ಮಾಡೋ ಬಾಯಿ ಇದು!

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ತಮ್ಮಾ, ಗ್ವಾಡಿ ಬಿರುಕು ಬಿಟ್ಟೈತಿ ಅಂತ ಗೊತ್ತಿದ್ದೂ ಮಂದಿ ಮಕ್ಕಳನ್ನ ಅದರಾಗ ಮಲಗಸೂದೇನು?"

ಈಗ ವಾಕ್ಯಕ್ಕೆ ಬನ್ನಿ. ಅರಸನಾದ ಅಹಾಬನು ರಾಮೋತ್ ಗಿಲ್ಯಾದಿನ ಮೇಲೆ ಯುದ್ಧಕ್ಕೆ ಹೋಗಬೇಕು ಅಂತ ಮೊದಲೇ ಮನಸ್ಸು ಮಾಡಿದ್ದ. ಸುಮಾರು 400 ಪ್ರವಾದಿಗಳನ್ನು ಕೂಡಿಸಿ ಕೇಳಿದ. ಎಲ್ಲರೂ "ಹೋಗು, ಗೆಲ್ಲುತ್ತೀ" ಅಂದರು. ಯೆಹೋಷಾಫಾಟನು ಇನ್ನೊಬ್ಬ ಇಲ್ಲವೇ ಅಂದಾಗ ಅಹಾಬ ಹೇಳಿದ್ದೇನು? ಮೀಕಾಯೆಹು ಅಂತ ಒಬ್ಬ ಇದ್ದಾನೆ, ಆದರೆ ಅವನನ್ನು ಕಂಡರೆ ನನಗಾಗಲ್ಲ, ನನಗೆ ಒಳ್ಳೆಯದನ್ನೇ ಹೇಳಲ್ಲ! ಸತ್ಯ ಹೇಳಿದವನನ್ನು ಸೆರೆಮನೆಗೆ ಹಾಕಿಸಿದ. ಯುದ್ಧಕ್ಕೆ ಹೋದ. ಜೀವಂತವಾಗಿ ಹಿಂತಿರುಗಲಿಲ್ಲ. ಅಹಾಬನಿಗೆ ಬೇಕಾಗಿದ್ದದ್ದು ಆಲೋಚನೆ ಅಲ್ಲ, ಒಪ್ಪಿಗೆ. ನನಗೂ ಅಷ್ಟೇ.

ಆದರೆ ಪ್ರಿಯರೇ, ಇಲ್ಲಿ ಜಾಗ್ರತೆ. ಕಹಿಯಾಗಿರೋದೆಲ್ಲಾ ಸತ್ಯ ಅಂತಲ್ಲ. ಒಂಬತ್ತು ಲಕ್ಷ ಅಂದವರೇ ಪ್ರವಾದಿ ಅಂದುಕೊಳ್ಳಬೇಡಿ. ಜ್ಞಾನೋಕ್ತಿ 18:17 ಏನು ಕಲಿಸುತ್ತೆ? ಮೊದಲು ಮಾತಾಡಿದವನ ಮಾತು ಸರಿ ಅನ್ನಿಸುತ್ತೆ, ಇನ್ನೊಬ್ಬ ಬಂದು ಪ್ರಶ್ನೆ ಕೇಳುವ ತನಕ.

ಆ ಪ್ರಶ್ನೆ ಕೇಳಿದ್ದು ಮೂರನೆಯ ಎಂಜಿನಿಯರ್, ಒಬ್ಬ ವಯಸ್ಸಾದವರು. ಅವರು ಗೋಡೆ ನೋಡುವ ಮೊದಲೇ ಎರಡು ವರದಿಯ ತಾರೀಖು ನೋಡಿದರು. "ಒಬ್ಬರು ಬೇಸಿಗೆಯಲ್ಲಿ ನೋಡಿದಾರೆ, ಮಣ್ಣು ಕುಗ್ಗಿತ್ತು, ಬಿರುಕು ತೆರೆದಿತ್ತು. ಇನ್ನೊಬ್ಬರು ಮಳೆ ಆದ ಮೇಲೆ ನೋಡಿದಾರೆ, ಮಣ್ಣು ಉಬ್ಬಿ ಬಿರುಕು ಮುಚ್ಚಿತ್ತು. ಇಬ್ಬರೂ ಕಂಡದ್ದನ್ನೇ ಬರೆದಿದಾರೆ, ಆದರೆ ಯಾರೂ ಕಾದು ನೋಡಿಲ್ಲ" ಅಂದರು.

ಆಮೇಲೆ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದರು. ಗೋಡೆ ಕದಲಿದರೆ ಗಾಜು ಒಡೆಯುತ್ತೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಖು ಹಾಕಿ, ಪ್ರತಿ ತಿಂಗಳು ಅಗಲ ಅಳೆದು ಬರೆಯೋಕೆ ಹೇಳಿದರು. ಪಾಯದ ಪಕ್ಕ ಗುಂಡಿ ತೋಡಿಸಿದರು. ಅಲ್ಲಿ ಸಿಕ್ಕಿತು ಕಾರಣ: ಹಿಂದಿನ ಮೂಲೆಯಲ್ಲಿ ಒಡೆದ ಬಚ್ಚಲು ಪೈಪು, ವರ್ಷಗಟ್ಟಲೆ ಆ ಒಂದೇ ಮೂಲೆಗೆ ನೀರು ಕುಡಿಸ್ತಾ ಇತ್ತು. ಪೈಪು ಬದಲಾಯಿಸಿದೆವು. ಒಂದು ವರ್ಷ ಅಳೆದ ಮೇಲೆ ಆ ಒಂದು ಮೂಲೆಯ ಪಾಯ ಮಾತ್ರ ಬಲಪಡಿಸಿದೆವು. ಒಂಬತ್ತು ಲಕ್ಷ ಬೇಕಾಗಲಿಲ್ಲ. ಬರೀ ಪುಟ್ಟಿಯೂ ಸಾಕಾಗ್ತಿರಲಿಲ್ಲ.

ಯೌವನಸ್ಥರೇ, ನಿಮಗೆ ಹೇಳ್ತೀನಿ. ಮದುವೆ ವಿಷಯ, ಕೆಲಸ ಬಿಡೋ ವಿಷಯ, ಸಾಲದ ವಿಷಯ. ಪಾಸ್ಟರ್ ಒಂದು ಹೇಳ್ತಾರೆ, ಅಮ್ಮ ಒಂದು ಹೇಳ್ತಾರೆ, ಇನ್ನೊಂದು ಸಭೆಯಲ್ಲಿ ಯಾರೋ ಪ್ರವಾದನೆ ಹೇಳ್ತಾರೆ. ಬೇಕಾದ ಉತ್ತರ ಸಿಗೋ ತನಕ ಅಂಗಡಿ ಅಂಗಡಿ ಅಲೆಯೋ ಹಾಗೆ ಅಲೆಯಬೇಡಿ. ಕೇಳಿ: ಇವರು ಏನು ನೋಡಿದಾರೆ? ಯಾವಾಗ ನೋಡಿದಾರೆ? ನಾನು ಯಾಕೆ ಇವರ ಮಾತನ್ನೇ ಇಷ್ಟಪಡ್ತಿದೀನಿ? ಎಲ್ಲವನ್ನೂ ಪರೀಕ್ಷಿಸಿ ಅಂತ ಪೌಲನು ಥೆಸಲೋನಿಕದವರಿಗೆ ಬರೆದದ್ದು ಇದಕ್ಕೇ. ಕಾಯೋದು ಅವಿಶ್ವಾಸ ಅಲ್ಲ. ಲೂಕ 6ರಲ್ಲಿ ಯೇಸು ಹೇಳಿದ ಮನೆ ಕಟ್ಟುವವನು ಆಳವಾಗಿ ಅಗೆದನು. ಅಗೆಯೋಕೆ ಸಮಯ ಬೇಕು, ಕೈ ಕೊಳೆಯಾಗುತ್ತೆ.

ಯೆಹೆಜ್ಕೇಲ 13ರಲ್ಲಿ ದೇವರು ಕೋಪಗೊಂಡಿದ್ದು ಬರೀ ಗೋಡೆ ದುರ್ಬಲವಾಗಿದೆ ಅಂತಲ್ಲ. ಆ ಗೋಡೆಗೆ ಸುಣ್ಣ ಬಳಿದು ಎಲ್ಲಾ ಚೆನ್ನಾಗಿದೆ ಅಂದವರ ಮೇಲೆ. ಈ ಬೆಳಿಗ್ಗೆ ಯಾರ ಜೀವಿತದಲ್ಲಿ ಪುಟ್ಟಿ ಹಚ್ಚಿದ ಬಿರುಕು ಇದೆ? ಭಾನುವಾರ ಪೇಂಟು, ಸೋಮವಾರ ಮತ್ತೆ ಬಿರುಕು?

ಎದ್ದು ನಿಂತುಕೊಳ್ಳಿ, ಕಣ್ಣು ಮುಚ್ಚಿ. ತಂದೆಯೇ, ನಮಗೆ ಇಷ್ಟವಾದ ಉತ್ತರವನ್ನಲ್ಲ, ಸತ್ಯವನ್ನು ಕೊಡು. ಅದನ್ನು ಕೇಳೋ ಧೈರ್ಯ ಕೊಡು. ನೀನು ಅಗೆಯುವಾಗ ನಾವು ತಡೆಯದ ಹಾಗೆ ಮಾಡು. ಯೇಸುವಿನ ನಾಮದಲ್ಲಿ, ಆಮೆನ್.